ಒಂದು ಪ್ರಾರ್ಥನಾಗೀತೆಯ ಕಥೆ

ಕರ್ನಾಟಕದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗಾಗಿ ಹಾಡುವ ಗೀತೆಗಳು ಹಲವಾರಿವೆ. ದಾಸರ ಪದಗಳುಂಟು, ಶರಣರ ವಚನಗಳುಂಟು, ನವೋದಯ ಕವಿಗಳ ರಚನೆಗಳುಂಟು. ಇವುಗಳ ನಡುವೆ ‘ಕರುಣಾಳು ಬಾ ಬೆಳಕೆ’ ಎಂಬ ಗೀತೆಗೆ ವಿಶಿಷ್ಟವಾದ ಸ್ಥಾನವಿದೆ. ಯಲಹಂಕ, ಹೆಬ್ಬಾಳಗಳ ಶಾಲೆಯಾಗಲಿ, ಬಯಲುಸೀಮೆಯ ಹಳ್ಳಿಯೊಂದರ ಶಾಲೆಯಾಗಲಿ, ಹಲವು ತಲೆಮಾರುಗಳ ವಿದ್ಯಾರ್ಥಿಗಳು ಕೈಮುಗಿದು ನಿಂತು ಇದನ್ನು ಒಕ್ಕೊರಲಿನಿಂದ ಹಾಡಿದ್ದಾರೆ. ಹಾಡುವವರಲ್ಲಿ ಬಹುಮಂದಿ ಇದು ಕನ್ನಡದಲ್ಲಿಯೇ ಹುಟ್ಟಿದ ಗೀತೆಯೆಂದು ತಿಳಿದಿರುವುದುಂಟು. ಹಾಗೆ ತಿಳಿಯುವಂತೆ ಅದನ್ನು ಕನ್ನಡಿಸಿದವರು ಬಿ. ಎಂ. ಶ್ರೀಕಂಠಯ್ಯನವರು. ಮೂಲವನ್ನು ಬರೆದವರು ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್. ಅದು ರಚನೆಯಾದದ್ದು ಚರ್ಚಿನಲ್ಲಿ ಅಲ್ಲ, ಓದಿನ ಕೋಣೆಯಲ್ಲಿಯೂ ಅಲ್ಲ. ಕಿತ್ತಳೆಹಣ್ಣು ತುಂಬಿದ ಹಡಗೊಂದರ ಮೇಲೆ, ಗಾಳಿಯಿಲ್ಲದೆ ಸ್ತಬ್ಧವಾಗಿದ್ದ ಕಡಲಿನ ನಡುವೆ.

ನ್ಯೂಮನ್ನರು ಹುಟ್ಟಿದ್ದು 1801ರಲ್ಲಿ, ಲಂಡನ್ ನಗರದಲ್ಲಿ. ತಂದೆ ಬ್ಯಾಂಕೊಂದರ ಪಾಲುದಾರರಾಗಿದ್ದರು. ಆ ಬ್ಯಾಂಕು ಮುಳುಗಿ ಸಂಸಾರ ಕಷ್ಟಕ್ಕೆ ಸಿಕ್ಕಿತು. 1824ರಲ್ಲಿ ತಂದೆಯೂ ತೀರಿಕೊಂಡರು. ಆರು ಮಕ್ಕಳಲ್ಲಿ ಹಿರಿಯರಾದ ನ್ಯೂಮನ್ನರ ಮೇಲೆ ಮನೆಯ ಭಾರ ಬಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರೂ ಪಾದ್ರಿಯೂ ಆಗಿದ್ದುಕೊಂಡು ಅವರು ತಾಯಿಗೂ ತಮ್ಮ ತಂಗಿಯರಿಗೂ ಆಸರೆಯಾಗಿ ನಿಂತರು. ಮಕ್ಕಳೆಲ್ಲರಲ್ಲಿ ಕಿರಿಯಳು ಮೇರಿ. ನಗುಮುಖದ, ಸರಳ ಸ್ವಭಾವದ ಆ ತಂಗಿಯೆಂದರೆ ಅಣ್ಣನಿಗೆ ಬಲು ಅಕ್ಕರೆ. 1828ರ ಜನವರಿಯಲ್ಲಿ ಒಂದು ಸಂಜೆ ಊಟಕ್ಕೆ ಕುಳಿತಿದ್ದಾಗ ಅವಳಿಗೆ ಇದ್ದಕ್ಕಿದ್ದಂತೆ ಅಸ್ವಸ್ಥತೆಯುಂಟಾಯಿತು. ಮರುದಿನ, ಜನವರಿ 5ರಂದು, ಅವಳು ಪ್ರಾಣಬಿಟ್ಟಳು. ಆಕೆಗೆ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ.

ಆ ಸಾವು ನ್ಯೂಮನ್ನರ ಮನಸ್ಸಿನಲ್ಲಿ ಮಾಡಿದ ಗಾಯ ಬಹುಕಾಲ ಮಾಯಲಿಲ್ಲ. ಕೆಲವು ತಿಂಗಳ ಬಳಿಕ ಕುದುರೆಯೇರಿ ಹಳ್ಳಿಗಾಡಿನಲ್ಲಿ ಹೋಗುತ್ತಿದ್ದಾಗ, ಪ್ರತಿಯೊಂದು ಮರದಲ್ಲಿಯೂ ಪ್ರತಿಯೊಂದು ಗುಡ್ಡದ ಮರೆಯಲ್ಲಿಯೂ ಮೇರಿಯೇ ಇರುವಂತೆ ತೋರಿತೆಂದು ಅವರು ಇನ್ನೊಬ್ಬ ತಂಗಿಗೆ ಕಾಗದ ಬರೆದರು. ತಂಗಿಯ ಸಾವನ್ನೇ ವಸ್ತುವಾಗಿಸಿ, ಅಗಲಿಕೆಯಲ್ಲಿ ಸಮಾಧಾನವನ್ನು ಹುಡುಕುವ ಕವಿತೆಯೊಂದನ್ನೂ ಅದೇ ವರ್ಷ ರಚಿಸಿದರು. ಅದು ಪ್ರಾಮಾಣಿಕವಾದ ಕವಿತೆ. ಓದಿದವರ ಮನಸ್ಸನ್ನು ಕಲಕುತ್ತದೆ. ಆದರೆ ಅದನ್ನು ಇಂದು ಯಾರೂ ಹಾಡುವುದಿಲ್ಲ. ಅದು ಅಣ್ಣ ತಂಗಿಯರ ನಡುವಣ ಮಾತಾಗಿ ಪುಸ್ತಕದಲ್ಲಿಯೇ ಉಳಿಯಿತು. ಐದು ವರ್ಷಗಳ ಅನಂತರ ಬರೆದ, ಯಾರ ಹೆಸರನ್ನೂ ಹೇಳದ ಮತ್ತೊಂದು ಕವಿತೆ ಲೋಕವನ್ನೇ ಸುತ್ತಿತು. ಈ ವ್ಯತ್ಯಾಸ ಗಮನಿಸತಕ್ಕದ್ದು.

1832ರ ಕೊನೆಯಲ್ಲಿ ನ್ಯೂಮನ್ನರು ಸ್ನೇಹಿತ ಹರೆಲ್ ಫ್ರೂಡ್ ಮತ್ತು ಅವರ ತಂದೆಯ ಜೊತೆಯಲ್ಲಿ ಮೆಡಿಟರೇನಿಯನ್ ಸಮುದ್ರದ ಯಾತ್ರೆಗೆ ಹೊರಟರು. ಮಾಲ್ಟ, ನೇಪಲ್ಸ್, ರೋಮ್ ನಗರಗಳನ್ನು ಕಂಡದ್ದಾಯಿತು. ಜೊತೆಗಾರರು ಊರಿಗೆ ಮರಳಿದರು. ನ್ಯೂಮನ್ನರಿಗೆ ಮಾತ್ರ ಸಿಸಿಲಿ ದ್ವೀಪವನ್ನು ಮತ್ತೊಮ್ಮೆ ನೋಡುವ ಬಯಕೆ. ಒಬ್ಬ ಆಳನ್ನು ಕರೆದುಕೊಂಡು ಒಬ್ಬರೇ ಅಲ್ಲಿಗೆ ಹೋದರು. 1833ರ ಮೇ ತಿಂಗಳಲ್ಲಿ ದ್ವೀಪದ ಒಳನಾಡಿನಲ್ಲಿ ಅವರಿಗೆ ಭೀಕರವಾದ ಜ್ವರ ಬಂದಿತು. ಭಾಷೆ ಬಾರದ ನಾಡು, ಬಂಧುಗಳಿಲ್ಲದ ಊರು. ಸನಿಹದಲ್ಲಿದ್ದವನು ನೇಪಲ್ಸಿನ ಆ ಸೇವಕ ಜೆನಾರೊ ಒಬ್ಬನೇ. ನ್ಯೂಮನ್ನರು ಸಾಯುವರೆಂದೇ ಅವನು ಭಾವಿಸಿದನು. ಕೊನೆಯ ಅಪ್ಪಣೆಗಳೇನೆಂದು ಕೇಳಿದ್ದೂ ಉಂಟು. ಹೇಗೋ ಜ್ವರ ಇಳಿಯಿತು. ಆದರೆ ಪ್ರಯಾಣಕ್ಕೆ ಸಿದ್ಧರಾದ ದಿನ ನ್ಯೂಮನ್ನರು ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಏಕೆ ಅಳುತ್ತೀರೆಂದು ಸೇವಕನು ಕೇಳಿದಾಗ, ಇಂಗ್ಲೆಂಡಿನಲ್ಲಿ ತಮಗೊಂದು ಕೆಲಸವಿದೆ ಎಂದಷ್ಟೇ ಹೇಳಬಲ್ಲವರಾದರು. ಆ ಕೆಲಸ ಯಾವುದೆಂಬುದು ಅವರಿಗೆ ಆಗ ಸ್ಪಷ್ಟವಿರಲಿಲ್ಲ.

ಪಲೆರ್ಮೊ ಬಂದರಿನಲ್ಲಿ ಹಡಗಿಗಾಗಿ ಮೂರು ವಾರ ಕಾಯಬೇಕಾಯಿತು. ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಕಿತ್ತಳೆ ಸಾಗಿಸುವ ಹಾಯಿಹಡಗೊಂದು ಸಿಕ್ಕಿತು. ಅದು ಕಾರ್ಸಿಕ ಮತ್ತು ಸಾರ್ಡಿನಿಯ ದ್ವೀಪಗಳ ನಡುವಣ ಬೊನಿಫಾಸಿಯೊ ಜಲಸಂಧಿಯನ್ನು ತಲಪಿದಾಗ ಗಾಳಿ ನಿಂತುಹೋಯಿತು. ಹಾಯಿಗಳು ಜೋತುಬಿದ್ದವು. ಒಂದು ವಾರ ಹಡಗು ಇದ್ದಲ್ಲಿಯೇ ಇದ್ದಿತು. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೂ ಸಾಗುವಂತಿಲ್ಲ. ಮೈಯಲ್ಲಿ ನಿತ್ರಾಣ, ಮನಸ್ಸಿನಲ್ಲಿ ಊರಿನ ಹಂಬಲ, ಮುಂದಿನ ಬಾಳು ಹೇಗೆಂಬ ಕಳವಳ. ಆ ಸ್ಥಿತಿಯಲ್ಲಿ 1833ರ ಜೂನ್ 16ರಂದು ಮೂವತ್ತೆರಡು ವಯಸ್ಸಿನ ನ್ಯೂಮನ್ನರು ಮೂರು ಪದ್ಯಗಳ ಕವಿತೆಯನ್ನು ಬರೆದರು. ಇಸ್ರೇಲಿನ ಜನರಿಗೆ ಮರುಭೂಮಿಯಲ್ಲಿ ದೇವರು ಮೇಘಸ್ತಂಭವಾಗಿ ದಾರಿ ತೋರಿದನೆಂದು ಬೈಬಲ್ಲಿನಲ್ಲಿ ಕಥೆಯಿದೆ. ಆ ಮೇಘಸ್ತಂಭದ ಹೆಸರನ್ನೇ ಕವಿತೆಗೆ ಇಟ್ಟರು.

ಕವಿತೆಯಲ್ಲಿ ಸಿಸಿಲಿಯ ಜ್ವರದ ಮಾತಿಲ್ಲ, ಹಡಗಿಲ್ಲ, ಮೇರಿಯ ಹೆಸರೂ ಇಲ್ಲ. ಕತ್ತಲೆಯಲ್ಲಿ, ಮನೆಯಿಂದ ದೂರದಲ್ಲಿ ನಿಂತಿರುವ ಒಬ್ಬ ಮನುಷ್ಯ ಬೆಳಕನ್ನು ಕರೆಯುತ್ತಾನೆ. ದಾರಿಯೆಲ್ಲವೂ ಒಮ್ಮೆಗೇ ಕಾಣಬೇಕೆಂಬ ಹಟ ಅವನಿಗಿಲ್ಲ. ಮುಂದಿನ ಕಾಲಿಡಲು ಎಷ್ಟು ಬೇಕೋ ಅಷ್ಟು ಕಂಡರೆ ಆಯಿತು. ಎರಡನೆಯ ಪದ್ಯದಲ್ಲಿ ತನ್ನ ಹಿಂದಿನ ಗರ್ವವನ್ನು ನೆನೆದು ನಾಚುತ್ತಾನೆ. ಮೂರನೆಯದರಲ್ಲಿ, ಇರುಳು ಕಳೆದು ಬೆಳಗಾದಾಗ, ಒಮ್ಮೆ ತಾನು ಪ್ರೀತಿಸಿ ಅನಂತರ ಕಳೆದುಕೊಂಡವರ ಮುಖಗಳು ಮತ್ತೆ ಕಾಣುವುವೆಂಬ ನಿರೀಕ್ಷೆಯಿದೆ. ಅಗಲಿದ ತಂಗಿಯ ನೆನಪು ಇಲ್ಲಿ ಅಡಗಿದೆಯೆಂದು ಅನೇಕರು ಊಹಿಸಿದ್ದಾರೆ. ಕವಿಯು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು. ಮೇರಿಯ ಹೆಸರಿದ್ದಿದ್ದರೆ ಆ ಪದ್ಯ ನ್ಯೂಮನ್ನರದು ಮಾತ್ರ ಆಗುತ್ತಿದ್ದಿತು. ಹೆಸರಿಲ್ಲದುದರಿಂದ, ತಾಯಿಯನ್ನೋ ಮಗುವನ್ನೋ ಗೆಳೆಯನನ್ನೋ ಕಳೆದುಕೊಂಡ ಯಾರು ಬೇಕಾದರೂ ತಮ್ಮವರ ಮುಖವನ್ನು ಆ ಸಾಲಿನಲ್ಲಿ ಕಾಣಬಹುದಾಯಿತು.

ಈ ಕವಿತೆ 1834ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹಾಡಲೆಂದು ಬರೆದುದಲ್ಲವಾದ್ದರಿಂದ ಬಹಳ ವರ್ಷ ಅದು ಓದುವ ಕವಿತೆಯಾಗಿಯೇ ಇದ್ದಿತು. ಒಬ್ಬರ ಮಾತು ಸಮೂಹದ ಹಾಡಾಗಲು ಸಂಗೀತ ಬೇಕು. ಪಾಶ್ಚಾತ್ಯರ ಚರ್ಚುಗಳಲ್ಲಿ ನಡೆಯುವ ವೃಂದಗಾನದ ಕ್ರಮವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹೇಳುತ್ತಾರೆ, ಇಲ್ಲವೆ ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ಹಾಡುತ್ತಾರೆ. ಅಲ್ಲಿ ಹಾಗಲ್ಲ. ಹಾಡುವವರನ್ನು ದನಿಗೆ ತಕ್ಕಂತೆ ನಾಲ್ಕು ಗುಂಪು ಮಾಡುತ್ತಾರೆ. ಹೆಂಗಸರ ಅಥವಾ ಬಾಲಕರ ಎತ್ತರದ ದನಿ ಒಂದು, ಅದಕ್ಕಿಂತ ತಗ್ಗಿನದು ಇನ್ನೊಂದು. ಗಂಡಸರಲ್ಲಿಯೂ ಎತ್ತರದ್ದು ಒಂದು, ಮಂದ್ರದ್ದು ಒಂದು. ನಾಲ್ಕು ಗುಂಪಿನವರೂ ಅದೇ ಮಾತನ್ನು ಅದೇ ಕ್ಷಣದಲ್ಲಿ ಉಚ್ಚರಿಸುತ್ತಾರೆ. ಆದರೆ ಒಂದೊಂದು ಗುಂಪಿನ ಸ್ವರ ಬೇರೆ. ತಂಬೂರಿಯಲ್ಲಿ ಷಡ್ಜ ಪಂಚಮಗಳು ಒಂದರೊಳಗೊಂದು ಬೆರೆತು ತುಂಬಿದ ನಾದವಾಗುವುದನ್ನು ಕೇಳಿದವರಿಗೆ ಇದರ ಕಲ್ಪನೆ ಬರುತ್ತದೆ. ಮೇಲಿನ ದನಿಯವರು ಮುಖ್ಯ ಧಾಟಿಯನ್ನು ಹಿಡಿದು ನಡೆಯುತ್ತಾರೆ. ಉಳಿದ ಮೂರು ದನಿಗಳು ಅದಕ್ಕೆ ಕೆಳಗಿನಿಂದ ಆಧಾರ ಕೊಡುತ್ತವೆ. ಒಬ್ಬನು ದುಃಖದಿಂದ ಗಂಟಲು ಕಟ್ಟಿ ನಿಂತರೂ ಹಾಡು ನಿಲ್ಲುವುದಿಲ್ಲ.

ಈ ಪದ್ಧತಿ ಕನ್ನಡನಾಡಿಗೆ ಹೊಸದೇನೂ ಅಲ್ಲ. ನ್ಯೂಮನ್ನರ ಕವಿತೆ ಅಚ್ಚಾದ ವರ್ಷವೇ, ಎಂದರೆ 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಮೂಲಕ ಜರ್ಮನ್ ಧಾಟಿಗಳಿಗೆ ಹೊಂದುವ ಕನ್ನಡ ಕೀರ್ತನೆಗಳು ಬಳಕೆಗೆ ಬಂದವು. ಬೆಂಗಳೂರಿನ ಉತ್ತರ ಭಾಗದ ಆರ್. ಟಿ. ನಗರದಲ್ಲಿ 1987ರಲ್ಲಿ ಆರಂಭವಾದ ‘ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್’ ಪಾಶ್ಚಾತ್ಯ ಸಂಗೀತವನ್ನು ಕಲಿಸುವ ಸಂಸ್ಥೆಯೆಂದು ಹೆಸರು ಪಡೆದಿದೆ.

ನ್ಯೂಮನ್ನರ ಕವಿತೆಗೆ 1865ರಲ್ಲಿ ಹೊಸದೊಂದು ಧಾಟಿಯನ್ನು ಕಟ್ಟಿದವರು ಜಾನ್ ಬೇಕಸ್ ಡೈಕ್ಸ್. ಅವರು ಡರ್ಹಮ್ ನಗರದಲ್ಲಿ ಪಾದ್ರಿಯಾಗಿದ್ದರು. ‘ಕರುಣೆಯ ಬೆಳಕು’ ಎಂಬ ಅರ್ಥ ಬರುವಂತೆ ಅವರು ಅದಕ್ಕೆ ‘ಲಕ್ಸ್ ಬೆನಿಗ್ನ’ ಎಂಬ ಲ್ಯಾಟಿನ್ ಹೆಸರನ್ನಿಟ್ಟರು. ಕವಿತೆ ಮನೆಮನೆಯ ಹಾಡಾಯಿತು. ಮುಂದೆ ಯಾರೋ ಈ ಗೀತೆಯ ಜನಪ್ರಿಯತೆಯನ್ನು ಹೊಗಳಿದಾಗ, ಗೆದ್ದದ್ದು ಪದ್ಯವಲ್ಲ, ಡೈಕ್ಸರ ಧಾಟಿ ಎಂದು ನ್ಯೂಮನ್ನರು ನುಡಿದರಂತೆ. ವಿನಯದ ಮಾತು, ಅದರಲ್ಲಿ ಅರ್ಧ ಸತ್ಯವೂ ಇದ್ದೀತು.

ಎಲ್ಲರಿಗೂ ಈ ಗೀತೆ ಒಪ್ಪಿಗೆಯಾಗಲಿಲ್ಲ. ಕ್ರಿಸ್ತನ ಹೆಸರೇ ಬಾರದ ಹಾಡನ್ನು ಚರ್ಚಿನಲ್ಲಿ ಹಾಡುವುದು ಹೇಗೆಂದು ಕೆಲವರು ಶಂಕಿಸಿದರು. ಎಡ್ವರ್ಡ್ ಬಿಕರ್ಸ್ಟೆತ್ ಎಂಬ ಪಾದ್ರಿ ಆ ಕೊರತೆಯನ್ನು ನೀಗಲು ನಾಲ್ಕನೆಯ ಪದ್ಯವೊಂದನ್ನು ತಾವೇ ಬರೆದು ತಮ್ಮ ಗೀತಸಂಗ್ರಹದಲ್ಲಿ ಸೇರಿಸಿದರು. ನ್ಯೂಮನ್ನರಿಗೆ ಇದು ಹಿಡಿಸಲಿಲ್ಲ. ಕಾಲವೂ ಆ ಬಾಲವನ್ನು ಕತ್ತರಿಸಿ ಹಾಕಿತು. ಯಾವುದನ್ನು ಕೊರತೆಯೆಂದು ಅವರು ಭಾವಿಸಿದರೋ ಅದರಿಂದಲೇ ಬೇರೆ ಮತದವರಿಗೂ ಈ ಗೀತೆಯ ಬಾಗಿಲು ತೆರೆದುಕೊಂಡಿತು.

ಈ ಹಾಡು ನಿಜವಾದ ಕತ್ತಲೆಯಲ್ಲಿ ಪರೀಕ್ಷೆಗೆ ನಿಂತ ಸಂದರ್ಭವೊಂದನ್ನು ಇಲ್ಲಿ ಹೇಳಬೇಕು. ಡೈಕ್ಸರು ಬಾಳಿದ ಡರ್ಹಮ್ ಪ್ರಾಂತ ಕಲ್ಲಿದ್ದಲ ಗಣಿಗಳ ಸೀಮೆ. 1909ರ ಫೆಬ್ರವರಿ 16ರಂದು ಅಲ್ಲಿನ ವೆಸ್ಟ್ ಸ್ಟ್ಯಾನ್ಲಿ ಗಣಿಯಲ್ಲಿ ಸ್ಫೋಟವಾಗಿ 168 ಮಂದಿ ಮಡಿದರು. ಸತ್ತವರಲ್ಲಿ ಶಾಲೆ ಬಿಟ್ಟು ಗಣಿಗಿಳಿದಿದ್ದ ಹುಡುಗರೂ ಇದ್ದರು. ಮೂವತ್ತಕ್ಕೂ ಮಿಕ್ಕ ಜನರ ಒಂದು ಗುಂಪು ಮಾತ್ರ ವಿಷಗಾಳಿ ಸೋಕದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಕೆಲವರು ಧೈರ್ಯಗೆಟ್ಟು ಹೊರಗೆ ನುಗ್ಗಿ ಪ್ರಾಣ ಕಳೆದುಕೊಂಡರು. ಉಳಿದವರು ಕಾರ್ಗತ್ತಲೆಯಲ್ಲಿ ಕುಳಿತರು. ಆಗ ಒಬ್ಬನು ಮೆಲ್ಲಗೆ ಈ ಗೀತೆಯನ್ನು ಗುನುಗತೊಡಗಿದನು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ಹಾಡು ಮುಗಿಯುವ ಮೊದಲೇ ಗಾಯಗೊಂಡಿದ್ದ ಬಾಲಕನೊಬ್ಬನು ಅಸುನೀಗಿದನು. ಸುಮಾರು 14 ಗಂಟೆಗಳ ತರುವಾಯ ಅವರಲ್ಲಿ 26 ಮಂದಿಯನ್ನು ಜೀವಸಹಿತ ಮೇಲಕ್ಕೆ ತಂದರು. ಆ ಸೀಮೆಯ ಗಣಿಗಾರರು ಹಾಡುತ್ತಿದ್ದುದು ಡೈಕ್ಸರ ಧಾಟಿಯನ್ನಲ್ಲ, ಪರ್ಡೆ ಎಂಬವರು ಕಟ್ಟಿದ ಇನ್ನೊಂದು ಧಾಟಿಯನ್ನು. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತಲೂ ಆಳವಾಗಿದ್ದಿತು. ನೆಲದೊಳಗಿನ ಕತ್ತಲೆ ಎಂಥದೆಂಬುದನ್ನು ಆ ಭಾಗದ ಹಿರಿಯರು ಬಲ್ಲರು.

ಭಾರತದಲ್ಲಿ ಈ ಗೀತೆಯನ್ನು ಬಹುವಾಗಿ ಮೆಚ್ಚಿದವರು ಮಹಾತ್ಮ ಗಾಂಧಿಯವರು. ಆಶ್ರಮದ ಭಜನಾವಳಿಯಲ್ಲಿ ಇದು ಸೇರಿದ್ದಿತು. ಮುಂದಿನದೆಲ್ಲವೂ ಕಾಣದಿದ್ದರೂ ಆ ಹೊತ್ತಿನ ಹೆಜ್ಜೆಯನ್ನು ಸರಿಯಾಗಿ ಇಟ್ಟರೆ ಸಾಕೆಂಬ ಭಾವವನ್ನು ಅವರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ನೆನೆದಿದ್ದಾರೆ. 1927ರಲ್ಲಿ ಕಾಯಿಲೆಯಿಂದ ಬಳಲಿದ್ದ ಗಾಂಧಿಯವರು ಬೆಂಗಳೂರಿನ ಉತ್ತರಕ್ಕಿರುವ ನಂದಿಬೆಟ್ಟದಲ್ಲಿಯೂ ಆಮೇಲೆ ಬೆಂಗಳೂರಿನ ಕುಮಾರಪಾರ್ಕಿನಲ್ಲಿಯೂ ವಿಶ್ರಾಂತಿ ಪಡೆದುದನ್ನು ಕನ್ನಡಿಗರು ಇಂದಿಗೂ ಸ್ಮರಿಸುತ್ತಾರೆ.

ಗಾಂಧಿಯವರ ಮಾತೃಭಾಷೆಯಾದ ಗುಜರಾತಿಗೆ ಈ ಗೀತೆಯನ್ನು ತಂದವರು ನರಸಿಂಹರಾವ್ ದಿವೇಟಿಯಾ. ಅವರ ಬಾಳಿನಲ್ಲಿಯೂ ಪುತ್ರಶೋಕವೊದಗಿತು. ಮಗ ನಲಿನಕಾಂತನು ಅಕಾಲದಲ್ಲಿ ತೀರಿಕೊಂಡಾಗ ಅವರು ‘ಸ್ಮರಣ ಸಂಹಿತಾ’ ಎಂಬ ಶೋಕಕಾವ್ಯವನ್ನು ಬರೆದು 1915ರಲ್ಲಿ ಪ್ರಕಟಿಸಿದರು. ದೀರ್ಘವಾದ ಆ ಕಾವ್ಯದಿಂದ ‘ಮಂಗಲ ಮಂದಿರ ಖೋಲೋ’ ಎಂಬ ಒಂದು ಪ್ರಾರ್ಥನೆ ಬಿಡಿಯಾಗಿ ಹೊರಬಂದು ಗುಜರಾತಿನ ಶಾಲೆಗಳ, ಪ್ರಾರ್ಥನಾಸಭೆಗಳ ಹಾಡಾಯಿತು. ಮಗನನ್ನು ಕುರಿತ ಸಾಲುಗಳನ್ನು ಸಾಹಿತ್ಯದ ಅಭ್ಯಾಸಿಗಳು ಓದುತ್ತಾರೆ. ಮಗನ ಹೆಸರಿಲ್ಲದ ಪ್ರಾರ್ಥನೆಯನ್ನು ಜನರು ಹಾಡುತ್ತಾರೆ. ನ್ಯೂಮನ್ನರ ಎರಡು ಕವಿತೆಗಳಿಗೆ ಆದುದೇ ಇಲ್ಲಿಯೂ ಆಯಿತು.

ಕನ್ನಡಕ್ಕೆ ಈ ಗೀತೆಯನ್ನು ತಂದ ಬಿ. ಎಂ. ಶ್ರೀ. ಅವರು 1884ರಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಏಳಿಗೆಗಾಗಿ ದುಡಿದರು. 1926ರಲ್ಲಿ ಹೊರಬಂದ ಅವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ಹೊಸ ದಾರಿಯನ್ನು ತೆರೆಯಿತೆಂಬುದು ಸರ್ವವಿದಿತ. ‘ಕರುಣಾಳು ಬಾ ಬೆಳಕೆ’ ಆ ಸಂಗ್ರಹದ ರತ್ನಗಳಲ್ಲೊಂದು.

ಇಂಗ್ಲಿಷ್ ಮೂಲದ ಪದ್ಯದಲ್ಲಿ ಆರು ಸಾಲುಗಳಿವೆ. ಮೊದಲನೆಯದು ಹತ್ತು ಅಕ್ಷರದ ನೀಳವಾದ ಸಾಲು, ಎರಡನೆಯದು ನಾಲ್ಕೇ ಅಕ್ಷರದ್ದು. ಮತ್ತೆ ನೀಳ, ಮತ್ತೆ ಮೊಟಕು. ನಡೆದು ದಣಿದವನು ಎರಡು ಹೆಜ್ಜೆಯಿಟ್ಟು ಒಂದು ಕ್ಷಣ ನಿಂತು ಉಸಿರೆಳೆದುಕೊಂಡಂತೆ. ಶ್ರೀಯವರು ಈ ಏರಿಳಿತವನ್ನು ಬಿಟ್ಟುಕೊಡದೆ ಅದಕ್ಕೆ ಕನ್ನಡದ್ದೇ ಆದ ನಡೆಯನ್ನು ಹುಡುಕಿದರು. ಅವರ ನೀಳವಾದ ಸಾಲಿನಲ್ಲಿ ಐದೈದು ಮಾತ್ರೆಗಳ ನಾಲ್ಕು ಗಣಗಳಿವೆ. ಮೊಟಕು ಸಾಲು ಅದರ ಸುಮಾರು ಅರ್ಧದಷ್ಟು. ‘ಕರುಣಾಳು’ ಎಂಬ ಮೊದಲ ಮಾತಿಗೇ ಪ್ರಸ್ತಾರ ಹಾಕಿದರೆ ಎರಡು ಲಘು, ಒಂದು ಗುರು, ಮತ್ತೊಂದು ಲಘು, ಒಟ್ಟು ಐದು ಮಾತ್ರೆ. ‘ಬಾ ಬೆಳಕೆ’ ಎಂಬುದೂ ಐದೇ. ಇದು ಹರಿಹರನ ಕಾಲದಿಂದ ಕನ್ನಡ ಕಿವಿಗೆ ಪರಿಚಯವಿರುವ ಲಲಿತ ರಗಳೆಯ ನಡೆ. ಕಡಲಾಚೆಯ ಕವಿತೆ ನಮ್ಮ ಮಕ್ಕಳ ನಾಲಗೆಯ ಮೇಲೆ ಇಷ್ಟು ಸಲೀಸಾಗಿ ಹರಿಯುವುದರ ಗುಟ್ಟು ಇಲ್ಲಿದೆ.

ಮಾತಿನ ಆಯ್ಕೆಯಲ್ಲಿಯೂ ಶ್ರೀಯವರ ಎಚ್ಚರ ದೊಡ್ಡದು. ಕಳೆದುಹೋದವರ ಮುಖಗಳನ್ನು ಮೂಲದಲ್ಲಿ ದೇವದೂತರ ಮುಖಗಳೆಂದು ಕರೆದಿದೆ. ಕನ್ನಡದಲ್ಲಿ ಶ್ರೀಯವರು ದೇವದೂತರನ್ನು ಹೆಸರಿಸಲಿಲ್ಲ. ಆ ಮುಖಗಳಿಗೆ ದಿವ್ಯತೆಯನ್ನು ಉಳಿಸಿ, ನಗುವನ್ನು ಉಳಿಸಿ, ಅವನ್ನು ಯಾವ ಮನೆಯವರಾದರೂ ಗುರುತಿಸುವಂತೆ ಮಾಡಿದರು. ಹದಿನಾಲ್ಕು ವರ್ಷದ ವಿದ್ಯಾರ್ಥಿಗೆ ಈ ಸಾಲುಗಳು ಬರಿಯ ಸೊಗಸಾದ ಮಾತುಗಳಾಗಿ ತೋರಬಹುದು. ಮನೆಯಲ್ಲಿ ಒಂದು ಸಾವನ್ನು ಕಂಡ ವಿದ್ಯಾರ್ಥಿಗೆ ಹಾಗೆ ತೋರಲಾರವು. ಅಂಥವರು ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ.

ನ್ಯೂಮನ್ನರು 1845ರಲ್ಲಿ ರೋಮನ್ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. ಇದರಿಂದ ಎಷ್ಟೋ ಮಂದಿ ಹಳೆಯ ಸ್ನೇಹಿತರು ಅವರಿಂದ ದೂರವಾದರು. 1879ರಲ್ಲಿ ಅವರು ಕಾರ್ಡಿನಲ್ ಪದವಿಗೇರಿದರು. 1890ರಲ್ಲಿ ನಿಧನರಾದ ಅವರನ್ನು 2019ರಲ್ಲಿ ಸಂತರೆಂದು ಘೋಷಿಸಲಾಯಿತು. ಅವರು ಕಾರ್ಡಿನಲ್ ಆದ ವರ್ಷವೇ ಒಬ್ಬರು ಕಾಗದ ಬರೆದು, ಗೀತೆಯ ಕೊನೆಯಲ್ಲಿ ಬರುವ ಆ ಮುಖಗಳು ಯಾರವು, ಅದರ ನಿಜವಾದ ಅರ್ಥವೇನೆಂದು ವಿಚಾರಿಸಿದರು. ಉತ್ತರ ಬಂದಿತು. ಸುಮಾರು ಐವತ್ತು ವರ್ಷಗಳ ಹಿಂದೆ, ಊರನ್ನು ನೆನೆದು ಹಂಬಲಿಸುತ್ತಲೋ ಕಡಲಿನ ಮೇಲೆ ಬಳಲುತ್ತಲೋ ಇದ್ದ ಮನಸ್ಸಿನ ಕ್ಷಣಿಕ ಸ್ಥಿತಿಯನ್ನು ಈಗಲೂ ವಿವರಿಸಬೇಕೆಂಬ ಕಟ್ಟುಪಾಡು ಕವಿಗೆ ಇರಲಾರದು ಎಂಬುದು ಅದರ ಸಾರಾಂಶ. ಮೇರಿಯ ವಿಷಯವನ್ನು ಆ ಉತ್ತರದಲ್ಲಿಯೂ ಅವರು ಎತ್ತಲಿಲ್ಲ.